ಸ್ಕ್ರೂ ತಿರುಗಿಸುವ ಮುಂಚೆ ರೀಡಿಂಗ್ ಬರೆದುಕೊಳ್ಳಿ

ಮಾನ್ಯ ಸಂಪಾದಕರೇ,

ರಿಯಾಕ್ಟರ್ ಅಂದರೆ ಸಾಕು, ಪತ್ರಿಕೆಗಳಲ್ಲಿ ಎರಡೇ ಥರದ ಬರಹ ಕಾಣುತ್ತದೆ. ಒಂದು ಹೆಮ್ಮೆಯ ಬರಹ, ಇನ್ನೊಂದು ಭಯದ ಬರಹ. ಇವೆರಡರ ನಡುವೆ ದಿನಾ ನಡೆಯುವ ಕೆಲಸವೊಂದು ಇದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ನಾವೂ ಹೇಳಿಕೊಳ್ಳುವುದಿಲ್ಲ. ಮೀಟರ್, ಸೆನ್ಸರ್, ಅಲಾರಂ, ರಿಲೇ ಇವನ್ನೆಲ್ಲ ಕೆಡುವ ಮುಂಚೆಯೇ ನೋಡಿಕೊಳ್ಳುವ ಕೆಲಸ. ಹೆಸರು ಪ್ರಿವೆಂಟಿವ್ ಮೇಂಟೆನೆನ್ಸ್, ನಮ್ಮ ಬಾಯಲ್ಲಿ ಬರುವುದು ಬರೀ ಪಿಎಂ. ನಾನು ಒಂದು ಸಂಶೋಧನಾ ರಿಯಾಕ್ಟರಿನ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ವರ್ಷಗಟ್ಟಲೆ ಈ ಪಿಎಂ ಪಟ್ಟಿ ತಯಾರಿಸಿದವನು. ಆ ಪಟ್ಟಿಯಲ್ಲಿ ಒಂದು ದೊಡ್ಡ ತಪ್ಪಿತ್ತು. ಅದು ನನ್ನ ಕಣ್ಣಿಗೆ ಬೀಳಲು ಎಂಟು ವರ್ಷ ಬೇಕಾಯಿತು. ಅದನ್ನೇ ಹೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಹಾಕಿ.

ಮೊದಲು ಒಂದು ಮಾತು. ಸಂಶೋಧನಾ ರಿಯಾಕ್ಟರ್ ಕರೆಂಟ್ ತಯಾರಿಸುವುದಿಲ್ಲ. ಅದು ನ್ಯೂಟ್ರಾನ್ ಕೊಡುತ್ತದೆ. ಆ ನ್ಯೂಟ್ರಾನಿನಿಂದ ಆಸ್ಪತ್ರೆಗೆ ಬೇಕಾದ ಐಸೋಟೋಪ್ ತಯಾರಾಗುತ್ತದೆ, ಲೋಹಗಳ ಪರೀಕ್ಷೆ ನಡೆಯುತ್ತದೆ, ವಿದ್ಯಾರ್ಥಿಗಳು ಕಲಿಯುತ್ತಾರೆ. ಜಗತ್ತಿನಲ್ಲಿ ಇಂಥವು ಇನ್ನೂರಕ್ಕೂ ಜಾಸ್ತಿ ನಡೆಯುತ್ತಿವೆ, ಅರ್ಧಕ್ಕಿಂತ ಜಾಸ್ತಿ 40 ವರ್ಷ ದಾಟಿದವು. ಕಟ್ಟಿದವರು ನಿವೃತ್ತರಾಗಿದ್ದಾರೆ, ಉಪಕರಣ ಮಾಡಿದ ಎಷ್ಟೋ ಕಂಪನಿಗಳು ಮುಚ್ಚಿವೆ, ಆದರೆ ರಿಯಾಕ್ಟರ್ ನಡೆಯುತ್ತಲೇ ಇದೆ. ಒಳಗೆ ಏನು ನಡೆಯುತ್ತಿದೆ ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಕೊಳದಂಥ ರಿಯಾಕ್ಟರಿನಲ್ಲಿ ಮೇಲಿನಿಂದ ಬಗ್ಗಿ ನೋಡಿದರೆ ನೀರಿನಡಿ ನೀಲಿ ಬೆಳಕು ಕಾಣುತ್ತದೆ, ತುಂಬಾ ಚೆನ್ನಾಗಿರುತ್ತದೆ, ಆದರೆ ಆ ಬೆಳಕು ನೋಡಿ ಶಕ್ತಿ ಎಷ್ಟು ಅಂತ ಯಾರೂ ಹೇಳಲಾರರು. ಅದನ್ನು ಹೇಳುವುದು ಮೀಟರ್. ನೀರು ಎಷ್ಟು ಹರಿಯುತ್ತಿದೆ, ಎಷ್ಟು ಬಿಸಿಯಾಗಿದೆ, ಕೊಳದಲ್ಲಿ ಎಷ್ಟು ಎತ್ತರಕ್ಕಿದೆ, ಹಾಲ್‌ನಲ್ಲಿ ವಿಕಿರಣ ಎಷ್ಟಿದೆ, ಎಲ್ಲವನ್ನೂ ಮೀಟರೇ ಹೇಳಬೇಕು. ಇವುಗಳಲ್ಲಿ ಮುಖ್ಯವಾದ ಯಾವುದಾದರೂ ಒಂದು ಮಿತಿ ದಾಟಿದರೆ ರಿಲೇ ಅನ್ನುವ ಸ್ವಿಚ್ ಬಿಡುತ್ತದೆ, ಮ್ಯಾಗ್ನೆಟ್ ಹಿಡಿತ ಹೋಗುತ್ತದೆ, ನ್ಯೂಟ್ರಾನ್ ಹೀರುವ ಕಂಟ್ರೋಲ್ ರಾಡ್ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ, ರಿಯಾಕ್ಟರ್ ನಿಲ್ಲುತ್ತದೆ. ಅದಕ್ಕೆ ಟ್ರಿಪ್ ಅಂತೀವಿ, ಸ್ಕ್ರ್ಯಾಮ್ ಅಂತಲೂ ಅಂತೀವಿ.

ಈಗ ಆ ಎಂಟು ವರ್ಷದ ವಿಷಯ.

ನಮ್ಮಲ್ಲಿ ತಂಪು ಮಾಡುವ ನೀರಿನ ಹರಿವನ್ನು ಅಳೆಯಲು ಮೂರು ಟ್ರಾನ್ಸ್‌ಮಿಟರ್ ಇದ್ದವು. ಪೈಪಿನೊಳಗೆ ತೂತಿರುವ ಒಂದು ಪ್ಲೇಟ್ ಇರುತ್ತದೆ, ಅದರ ಎರಡೂ ಬದಿಯ ಒತ್ತಡದ ವ್ಯತ್ಯಾಸ ನೋಡಿ ಹರಿವು ಎಷ್ಟು ಅಂತ ಲೆಕ್ಕ ಹಾಕುವುದು. ಟ್ರಾನ್ಸ್‌ಮಿಟರ್ ಹೊರಗೆ ಕೊಡುವುದು 4ರಿಂದ 20 ಮಿಲಿಆಂಪ್. ಒತ್ತಡದ ವ್ಯತ್ಯಾಸ ಸೊನ್ನೆ ಇದ್ದರೆ 4, ಪೂರ್ತಿ ಇದ್ದರೆ 20, ಅರ್ಧ ಇದ್ದರೆ 12. ಸೊನ್ನೆಗೂ 4 ಯಾಕೆ ಅಂದರೆ, ತಂತಿ ತುಂಡಾದರೆ ಕರೆಂಟ್ ಸೊನ್ನೆಗೆ ಇಳಿಯುತ್ತದೆ, ಆಗ ಇದು ನೀರು ನಿಂತದ್ದಲ್ಲ, ತಂತಿ ಹೋದದ್ದು ಅಂತ ತಕ್ಷಣ ಗೊತ್ತಾಗಲಿ ಅಂತ. ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್. ಕೈಪಂಪಿನಿಂದ ಗೊತ್ತಿರುವ ಒತ್ತಡ ಕೊಡುವುದು, ಮಲ್ಟಿಮೀಟರಿನಲ್ಲಿ ಎಷ್ಟು ಬಂತು ನೋಡುವುದು, ಹಾಳೆಯಲ್ಲಿ ಬರೆಯುವುದು. ಹಾಳೆಯಲ್ಲಿ ಎರಡು ಕಾಲಂ ಇರುತ್ತದೆ. ಒಂದು ಆಸ್ ಫೌಂಡ್, ಅಂದರೆ ನಾವು ಮುಟ್ಟುವ ಮುಂಚೆ ಎಷ್ಟಿತ್ತು ಅನ್ನುವುದು. ಇನ್ನೊಂದು ಆಸ್ ಲೆಫ್ಟ್, ಸರಿ ಮಾಡಿದ ಮೇಲೆ ಎಷ್ಟಾಯಿತು ಅನ್ನುವುದು.

ಒಂದು ದಿನ ಹೊಸದಾಗಿ ಸೇರಿದ ಹುಡುಗಿ ಹಳೆಯ ಫೈಲ್ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಎಂಟು ವರ್ಷದ ಎಂಟು ಹಾಳೆ ಸಾಲಾಗಿ ಹರಡಿದಳು. ಎಲ್ಲದರಲ್ಲೂ ಒಂದೇ ಕೈಬರಹ. 4.00, 8.00, 12.00, 16.00, 20.00. ಎಡಗಡೆ ಕಾಲಂನಲ್ಲೂ ಅದೇ, ಬಲಗಡೆ ಕಾಲಂನಲ್ಲೂ ಅದೇ. “ಸರ್, ಈ ಕಾಲಂನಲ್ಲೂ 12.00, ಆ ಕಾಲಂನಲ್ಲೂ 12.00. ಹಾಗಾದ್ರೆ ಇಷ್ಟು ವರ್ಷ ನಾವು ಏನನ್ನ ಸರಿ ಮಾಡಿದ್ವಿ ಸರ್?” ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ಹಾಳೆಗಳಿಗೆಲ್ಲ ಕೆಳಗೆ ಸಹಿ ಹಾಕಿದವನು ನಾನೇ.

ಮುಂದಿನ ಕ್ಯಾಲಿಬ್ರೇಶನ್ ದಿನ ನಾನೂ ಕೆಳಗಿಳಿದು ಹೋದೆ. ಆ ಕೆಲಸ ಮಾಡುತ್ತಿದ್ದ ಹಿರಿಯ ಟೆಕ್ನಿಶಿಯನ್ ತುಂಬಾ ಶ್ರದ್ಧೆಯ ಮನುಷ್ಯ. ಕೈ ಅಷ್ಟು ಸೂಕ್ಷ್ಮ. ಪಂಪಿನಿಂದ ಅರ್ಧ ಒತ್ತಡ ಕೊಟ್ಟರು, ಮಲ್ಟಿಮೀಟರ್ ನೋಡಿದರು, ಬಲಗೈ ಆಗಲೇ ಸ್ಕ್ರೂಡ್ರೈವರ್ ಹಿಡಿದು ಝೀರೋ ಸ್ಕ್ರೂ ಹತ್ತಿರ ಹೋಗಿತ್ತು. ನಾನು “ಅಣ್ಣಾ, ಒಂದು ನಿಮಿಷ, ಮುಟ್ಟಬೇಡಿ” ಅಂದೆ. ಮೀಟರಿನಲ್ಲಿ 12.40 ಇತ್ತು. ನಮ್ಮ ಮಿತಿ ಎರಡೂ ಕಡೆ 0.08. ಅಂದರೆ ಮಿತಿಯ ಐದು ಪಟ್ಟು ಆಚೆ ಹೋಗಿತ್ತು. ಅವರು ನನ್ನ ಮುಖ ನೋಡಿದರು. “ಇದು ಯಾವಾಗಲೂ ಸ್ವಲ್ಪ ಮೇಲೆ ಹೋಗಿರತ್ತೆ ಸಾರ್, ನಾನು ಸರಿ ಮಾಡೇ ಬಿಡ್ತೀನಲ್ಲ” ಅಂದರು.

ನಿಜ, ಅವರು ಪ್ರತಿ ವರ್ಷ ಸರಿ ಮಾಡಿಯೇ ಬಿಟ್ಟಿದ್ದರು. ಬೇಕಂತ ಮುಚ್ಚಿಟ್ಟದ್ದೇನೂ ಇಲ್ಲ. ತಪ್ಪಿರುವುದನ್ನು ಸರಿ ಮಾಡುವುದೇ ತಮ್ಮ ಕೆಲಸ ಅಂದುಕೊಂಡಿದ್ದರು, ಮಾಡಿದ ಮೇಲೆ ಎರಡೂ ಕಾಲಂ ತುಂಬಿಸುತ್ತಿದ್ದರು. ಇನ್ನೊಂದು ಕಾರಣವೂ ಇತ್ತು, ಅದು ನಾವು ಮೇಲಿನವರು ಮಾಡಿಟ್ಟದ್ದು. ಆಸ್ ಫೌಂಡ್ ಮಿತಿ ದಾಟಿದೆ ಅಂತ ಬರೆದರೆ ಒಂದು ಉದ್ದನೆಯ ವರದಿ ಬರೆಯಬೇಕಿತ್ತು, ಮೀಟಿಂಗ್ ಆಗಬೇಕಿತ್ತು, ರಿಯಾಕ್ಟರ್ ಶುರು ಮಾಡುವುದು ತಡ ಆಗುತ್ತಿತ್ತು, ಆಮೇಲೆ ಎಲ್ಲರೂ ಆ ಬರೆದವನ ಕಡೆಗೇ ನೋಡುತ್ತಿದ್ದರು. ಇಷ್ಟೆಲ್ಲ ಇದ್ದ ಮೇಲೆ 12.00 ಅಂತ ಬರೆಯುವುದೇ ಸುಲಭ ಅಲ್ವಾ?

ಆ 0.4 ಮಿಲಿಆಂಪಿನಿಂದ ಏನಾಗುತ್ತಿತ್ತು? ಇರುವುದಕ್ಕಿಂತ ಜಾಸ್ತಿ ನೀರು ಹರಿಯುತ್ತಿದೆ ಅಂತ ಮೀಟರ್ ತೋರಿಸುತ್ತಿತ್ತು. ಆ ಜಾಗದಲ್ಲಿ ಪೂರ್ತಿ ಹರಿವಿನ ನೂರಕ್ಕೆ ಸುಮಾರು ಎರಡು ಪಾಲು ವ್ಯತ್ಯಾಸ, ಹರಿವು ಕಡಿಮೆ ಇರುವಾಗ ಇನ್ನೂ ಜಾಸ್ತಿ. ಅಂದರೆ ನೀರು ನಿಜವಾಗಿ ಕಡಿಮೆಯಾದ ದಿನ ಟ್ರಿಪ್ ಸ್ವಲ್ಪ ತಡವಾಗಿ ಬರುತ್ತಿತ್ತು. ಟ್ರಿಪ್ ಮಿತಿ ಇಡುವಾಗಲೇ ಇಂಥದ್ದಕ್ಕೆ ಅಂತ ಸಾಕಷ್ಟು ಜಾಗ ಬಿಟ್ಟಿರುತ್ತಾರೆ, ಹಾಗಾಗಿ ಏನೂ ಆಗಲಿಲ್ಲ, ಆಗುವ ಹಾಗೂ ಇರಲಿಲ್ಲ. ನನ್ನನ್ನು ಕಾಡಿದ್ದು ಬೇರೆ. ಹಿಂದಿನ ಎಂಟು ವರ್ಷ ಅದು ಎಷ್ಟೆಷ್ಟು ಜರುಗಿತ್ತು ಅಂತ ಈಗ ತಿಳಿಯುವ ದಾರಿಯೇ ಇಲ್ಲ. ಪ್ರತಿ ವರ್ಷ ಉಪಕರಣ ನಮಗೆ ಒಂದು ಮಾತು ಹೇಳುತ್ತಿತ್ತು, ನಾವು ಕೇಳುವ ಮುಂಚೆಯೇ ಅದನ್ನು ಒರೆಸಿ ಹಾಕುತ್ತಿದ್ದೆವು. ನಾನು ಮೇಲೆ ಕೂತು “ಎಂಟು ವರ್ಷದಿಂದ ಏನೂ ಬದಲಾಗಿಲ್ಲ, ವರ್ಷಕ್ಕೊಮ್ಮೆ ಸಾಕು” ಅಂತ ಮುಂದಿನ ವರ್ಷದ ಪಟ್ಟಿ ಬರೆಯುತ್ತಿದ್ದೆ.

ಅವತ್ತೇ ಉಳಿದ ಎರಡನ್ನೂ ಮುಟ್ಟದೆ ನೋಡಿದೆವು. ಒಂದು ಸರಿಯಿತ್ತು. ಇನ್ನೊಂದು 12.25 ಇತ್ತು, ಅದೂ ಮೇಲಕ್ಕೇ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ಟ್ರಾನ್ಸ್‌ಮಿಟರ್ ಇಡುವುದು ಯಾಕೆ? ಮೂರರಲ್ಲಿ ಎರಡು ಹೇಳಿದರೆ ಟ್ರಿಪ್ ಅನ್ನುವ ಲೆಕ್ಕ. ಒಂದು ಕೆಟ್ಟು ಸುಮ್ಮನಿದ್ದರೂ ಉಳಿದ ಎರಡು ಕಾಪಾಡುತ್ತವೆ, ಒಂದು ಸುಮ್ಸುಮ್ನೆ ಕೂಗಿದರೂ ರಿಯಾಕ್ಟರ್ ನಿಲ್ಲುವುದಿಲ್ಲ. ಒಳ್ಳೆಯ ಲೆಕ್ಕವೇ. ಆದರೆ ಮೂರರಲ್ಲಿ ಎರಡು ಒಂದೇ ಕಡೆಗೆ ಜರುಗಿದ್ದರೆ ಆ ಲೆಕ್ಕಕ್ಕೆ ಅರ್ಥ ಇರುವುದಿಲ್ಲ. ನಮ್ಮ ಮೂರೂ ಒಂದೇ ಕಂಪನಿಯವು, ಒಂದೇ ವಯಸ್ಸಿನವು. ಅವನ್ನು ನೋಡುತ್ತಿದ್ದದ್ದು ಒಂದೇ ದಿನ, ಒಬ್ಬರೇ, ಒಂದೇ ಟೆಸ್ಟ್ ಗೇಜ್ ಇಟ್ಟುಕೊಂಡು. ಆ ಗೇಜೇ ತಪ್ಪಿದ್ದರೆ ಮೂರಕ್ಕೂ ಒಂದೇ ತಪ್ಪು ಸೇರಿಕೊಳ್ಳುತ್ತಿತ್ತು. ಒಂದೇ ದಿನ ಮುಗಿಸಿದರೆ ಕೆಲಸ ಹಗುರ ಅಂತ ಪಟ್ಟಿಯಲ್ಲಿ ಮೂರನ್ನೂ ಒಟ್ಟಿಗೆ ಹಾಕಿದ್ದೂ ನಾನೇ. ಈಗ ಅವು ಬೇರೆ ಬೇರೆ ತಿಂಗಳಿಗೆ, ಬೇರೆ ಬೇರೆ ಕೈಗೆ ಹೋಗುತ್ತವೆ.

12.40 ತೋರಿಸಿದ ಆ ಟ್ರಾನ್ಸ್‌ಮಿಟರ್ ಅನ್ನು ಮೂರು ತಿಂಗಳಿಗೊಮ್ಮೆ ನೋಡಲು ಶುರು ಮಾಡಿದೆವು. ಸರಿ ಮಾಡದೆ ಬರೀ ನೋಡುವುದು, ಬರೆಯುವುದು, ಮಿತಿ ಹತ್ತಿರ ಬಂದರೆ ಮಾತ್ರ ಸ್ಕ್ರೂ. ಸಲ ಸಲವೂ ಹತ್ತಿರ ಹತ್ತಿರ 0.1, ಯಾವಾಗಲೂ ಮೇಲಕ್ಕೆ. ನಾಲ್ಕು ಚುಕ್ಕೆ ಇಟ್ಟು ಗೆರೆ ಎಳೆದರೆ ಸ್ಕೇಲ್ ಇಟ್ಟ ಹಾಗೆ ನೇರ ಬಂತು. ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ, ಅದನ್ನು ತೆಗೆದು ಬೇರೆ ಹಾಕಿದೆವು. ಎಂಟು ವರ್ಷದಲ್ಲಿ ಆಗದ ತೀರ್ಮಾನ ಒಂದು ವರ್ಷದಲ್ಲಿ ಆಯಿತು.

ಪಿಎಂ ಯೋಜನೆ ಅಂದರೆ ಹೆಚ್ಚಿನ ಕಡೆ ಏನು ಮಾಡುತ್ತಾರೆ ಗೊತ್ತಾ? ಕಂಪನಿಯ ಪುಸ್ತಕ ತೆಗೆದು, ಅದರಲ್ಲಿ ಇರುವ “ವರ್ಷಕ್ಕೊಮ್ಮೆ”, “ತಿಂಗಳಿಗೊಮ್ಮೆ” ಅನ್ನುವುದನ್ನು ಎಕ್ಸೆಲ್ ಹಾಳೆಗೆ ಇಳಿಸುತ್ತಾರೆ. ಪಕ್ಕದಲ್ಲಿ ದಿನಾಂಕ. ಮುಗಿದರೆ ಹಸಿರು, ಬಾಕಿ ಇದ್ದರೆ ಕೆಂಪು. ನಾನೂ ಅದನ್ನೇ ಮಾಡಿದ್ದೆ. ಶುರುವಿಗೆ ಅದು ಸರಿ, ಹೊಸ ಉಪಕರಣದ ಬಗ್ಗೆ ನಮಗೆ ಇನ್ನೇನೂ ಗೊತ್ತಿರುವುದಿಲ್ಲ. ಆದರೆ ಮೂರು ನಾಲ್ಕು ಸಲ ನೋಡಿದ ಮೇಲೂ ಪುಸ್ತಕದ ಅಂಕಿಯೇ ಇದ್ದರೆ, ನಾವು ನೋಡಿದ್ದರಿಂದ ಏನೂ ಕಲಿಯಲಿಲ್ಲ ಅಂತ ಅರ್ಥ. ಪುಸ್ತಕ ಬರೆದವರಿಗೆ ನಮ್ಮ ಪಂಪ್ ಎಷ್ಟು ಅದುರುತ್ತದೆ, ನಮ್ಮ ಕೋಣೆಯಲ್ಲಿ ಎಷ್ಟು ತೇವ ಇದೆ, ವರ್ಷಕ್ಕೆ ಎಷ್ಟು ಸಲ ಆನ್ ಆಫ್ ಆಗುತ್ತದೆ ಅಂತ ಹೇಗೆ ಗೊತ್ತಿರಬೇಕು?

ಸಣ್ಣ ತಪ್ಪು ಎಲ್ಲಿ ದೊಡ್ಡದಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಲೆಕ್ಕ ಹೇಳಲೇಬೇಕು. ರಿಯಾಕ್ಟರಿನ ಶಕ್ತಿ ತೋರಿಸುವುದು ನ್ಯೂಟ್ರಾನ್ ಮೀಟರ್. ಅದು ತೋರಿಸುವ ಅಂಕಿ ಸರಿಯೋ ತಪ್ಪೋ ಅಂತ ತಾಳೆ ನೋಡುವುದು ನೀರಿನಿಂದ. ಎಷ್ಟು ನೀರು ಹರಿಯಿತು, ಒಳಗೆ ಹೋಗುವಾಗ ಎಷ್ಟು ಬಿಸಿ, ಹೊರಗೆ ಬರುವಾಗ ಎಷ್ಟು ಬಿಸಿ, ಇದರ ಮೇಲೆ ಶಕ್ತಿಯ ಲೆಕ್ಕ. 1 ಮೆಗಾವಾಟ್ ರಿಯಾಕ್ಟರಿನಲ್ಲಿ ಸೆಕೆಂಡಿಗೆ ಸುಮಾರು 48 ಲೀಟರ್ ನೀರು ಹರಿಯುತ್ತಿದ್ದರೆ ಆ ನೀರು ಬಿಸಿಯಾಗುವುದು ಬರೀ 5 ಡಿಗ್ರಿ. ಈಗ ಒಂದು ಥರ್ಮಾಮೀಟರ್ ಕಾಲು ಡಿಗ್ರಿ ಮೇಲೆ, ಇನ್ನೊಂದು ಕಾಲು ಡಿಗ್ರಿ ಕೆಳಗೆ ಹೋಗಿದೆ ಅಂದುಕೊಳ್ಳಿ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಚೆನ್ನಾಗಿಯೇ ಇವೆ, ಕಾಲು ಡಿಗ್ರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಒಟ್ಟು ವ್ಯತ್ಯಾಸ ಅರ್ಧ ಡಿಗ್ರಿ, ಅಂದರೆ ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ ಹತ್ತು ತಪ್ಪು. ನಾವು ಬಳಸುವುದು ಪಿಟಿ-100 ಅನ್ನುವ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.5 ಓಮ್. ಅರ್ಧ ಡಿಗ್ರಿ ಅಂದರೆ 0.2 ಓಮ್ ಕೂಡ ಇಲ್ಲ. ಮೂರು ತಂತಿಯ ಜೋಡಣೆಯಲ್ಲಿ ಒಂದು ತಂತಿಯ ಸ್ಕ್ರೂ ಸ್ವಲ್ಪ ಸಡಿಲವಾದರೂ ಅಷ್ಟು ಬಂದುಬಿಡುತ್ತದೆ. ಹಾಗಾಗಿ ಈ ಎರಡು ಸೆನ್ಸರನ್ನು ಯೋಜನೆಯಲ್ಲಿ ಎರಡು ಸಾಲಿನಲ್ಲಿ ಬರೆಯಬಾರದು, ಜೋಡಿಯಾಗಿ ಬರೆಯಬೇಕು. ಒಂದೇ ಪಾತ್ರೆಯ ನೀರಿನಲ್ಲಿ ಎರಡನ್ನೂ ಅದ್ದಿ, ನಡುವಿನ ವ್ಯತ್ಯಾಸ ಎಷ್ಟು ಅಂತ ಬರೆಯಬೇಕು.

ಇದನ್ನೆಲ್ಲ ಓದಿದವರಿಗೆ ಹಾಗಾದರೆ ಎಲ್ಲವನ್ನೂ ಪದೇ ಪದೇ ಬಿಚ್ಚಿ ನೋಡಬೇಕು ಅನ್ನಿಸಬಹುದು. ಅದೂ ತಪ್ಪು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಮತ್ತು ಅವರ ಜೊತೆಯವರು ವಿಮಾನಗಳ ದುರಸ್ತಿ ಲೆಕ್ಕ ಕೂತು ನೋಡಿದರು. ಕಾಲಕಾಲಕ್ಕೆ ಮಾಡುವ ತಪಾಸಣೆ ಮುಗಿದ ಕೂಡಲೇ ಕೆಡುವುದು ಜಾಸ್ತಿ ಆಗುತ್ತಿತ್ತು, ಆಮೇಲೆ ಮೆಲ್ಲಗೆ ಕಡಿಮೆ ಆಗುತ್ತಿತ್ತು. ಚೆನ್ನಾಗಿ ನಡೆಯುತ್ತಿದ್ದುದನ್ನು ಬಿಚ್ಚಿ ಜೋಡಿಸುವಾಗಲೇ ಹೊಸ ತೊಂದರೆ ಸೇರುತ್ತಿತ್ತು. 1978ರಲ್ಲಿ ಅಮೆರಿಕದ ವಿಮಾನಯಾನ ಕ್ಷೇತ್ರದ ನೌಲನ್ ಮತ್ತು ಹೀಪ್ ಇದನ್ನೇ ಇನ್ನೂ ದೊಡ್ಡದಾಗಿ ತೋರಿಸಿದರು. ಅವರು ನೋಡಿದ ವಿಮಾನದ ಭಾಗಗಳಲ್ಲಿ ವಯಸ್ಸಾದ ಹಾಗೆ ಕೆಡುವುದು ಜಾಸ್ತಿಯಾಗುವಂಥವು ನೂರಕ್ಕೆ 11 ಮಾತ್ರ. ರಿಯಾಕ್ಟರಿಗೆ ಅದೇ ಅಂಕಿ ಹೊಂದಬೇಕು ಅಂತೇನಿಲ್ಲ. ಆದರೆ ನನ್ನ ಅನುಭವವೂ ಹಾಗೇ ಇದೆ. ವರ್ಷಗಟ್ಟಲೆ ಒಂದಿಷ್ಟೂ ಜರುಗದ ಪಿಟಿ-100ಗಳನ್ನು ನಾವು ಪ್ರತಿ ವರ್ಷ ಎಳೆದು ಹೊರಗೆ ತೆಗೆಯುತ್ತಿದ್ದೆವು, ಹಾಗೆ ಎಳೆದೆಳೆದೇ ತಲೆಯ ಹತ್ತಿರ ತಂತಿ ಸವೆದು ಒಂದು ಹೋಯಿತು. ಪಿಎಂ ಮಾಡದೇ ಇದ್ದಿದ್ದರೆ ಅದು ಚೆನ್ನಾಗಿರುತ್ತಿತ್ತು. ಕೋರ್, ಅಂದರೆ ಇಂಧನ ಇರುವ ಜಾಗ, ಅದರ ಹತ್ತಿರದ ಉಪಕರಣವಾದರೆ ಇನ್ನೊಂದು ಮಾತೂ ಇದೆ. ಪ್ರತಿ ಸಲ ಕೈ ಹಾಕಿದಾಗ ಕೆಲಸ ಮಾಡುವವನ ಮೈಗೆ ಸ್ವಲ್ಪ ವಿಕಿರಣ ತಾಗುತ್ತದೆ. ಬೇಡದ ಪಿಎಂ ಅಂದರೆ ಬೇಡದ ಡೋಸ್.

ನ್ಯೂಟ್ರಾನ್ ಮೀಟರಿನ ಕೇಬಲ್ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ, ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಶಕ್ತಿ ತೀರಾ ಕಡಿಮೆ ಇರುವಾಗ ಆ ಮೀಟರಿನ ಡಿಟೆಕ್ಟರ್ ಆದ ಅಯಾನ್ ಚೇಂಬರಿನಿಂದ ಬರುವ ಕರೆಂಟ್ ಒಂದು ಆಂಪಿನ ಸಾವಿರ ಕೋಟಿಯಲ್ಲಿ ಒಂದು ಪಾಲಿಗೂ ಇಳಿಯುತ್ತದೆ. ಅಷ್ಟು ಸಣ್ಣ ಕರೆಂಟಿಗೆ ಕನೆಕ್ಟರಿನಲ್ಲಿ ಕೂತ ತೇವ, ಬೆರಳಿನ ಜಿಡ್ಡು ಕೂಡ ದಾರಿ ತಪ್ಪಿಸುತ್ತದೆ. ಕೇಬಲಿನ ಇನ್ಸುಲೇಶನ್ ಎಷ್ಟಿದೆ ಅಂತ ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ಅದು ಇಳಿಯುವುದು ಎಷ್ಟೋ ಮುಂಚೆಯೇ ಕಾಣುತ್ತದೆ. ಬರೆಯದಿದ್ದರೆ ಒಂದು ಬೆಳಿಗ್ಗೆ ಸ್ಟಾರ್ಟಪ್ ಹೊತ್ತಿಗೆ ಸೂಜಿ ಕುಣಿಯುತ್ತದೆ, ಆಗ ಎಲ್ಲರೂ ಡಿಟೆಕ್ಟರ್ ಕೆಟ್ಟಿದೆ ಅಂತ ಓಡಾಡುತ್ತಾರೆ.

ಕೆಲಸ ಮುಗಿಸಿ ವಾಪಸ್ ಹಾಕುವ ವಿಷಯಕ್ಕೆ ಬರುತ್ತೇನೆ, ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹರಿವಿನ ಟ್ರಾನ್ಸ್‌ಮಿಟರಿಗೆ ಮೂರು ಸಣ್ಣ ವಾಲ್ವ್ ಇರುತ್ತವೆ. ಎರಡು ಪೈಪಿನ ಕಡೆಯವು, ನಡುವೆ ಒಂದು ಎರಡೂ ಬದಿ ಸಮ ಮಾಡುವುದು. ಕ್ಯಾಲಿಬ್ರೇಶನ್ ಆದ ಮೇಲೆ ಪೈಪಿನ ವಾಲ್ವ್ ತೆರೆಯುವುದು ಮರೆತರೆ, ಒಳಗೆ ಸಿಕ್ಕಿಕೊಂಡ ಒತ್ತಡವನ್ನೇ ಮೀಟರ್ ತೋರಿಸುತ್ತಾ ಕೂರುತ್ತದೆ. ನೋಡಲು ಸರಿಯಾದ ರೀಡಿಂಗ್ ಥರವೇ ಇರಬಹುದು, ಆದರೆ ಅದಕ್ಕೂ ನೀರಿಗೂ ಸಂಬಂಧವೇ ಇರುವುದಿಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್‌ನಲ್ಲಿ, ಅದು ಕರೆಂಟ್ ತಯಾರಿಸುವ ದೊಡ್ಡ ಸ್ಥಾವರ, ತುರ್ತು ನೀರಿನ ಪಂಪ್ ಚಾಲೂ ಆಯಿತು, ನೀರು ಮಾತ್ರ ಹೋಗಲಿಲ್ಲ. ದಾರಿಯಲ್ಲಿದ್ದ ವಾಲ್ವ್‌ಗಳು ಮುಚ್ಚಿದ್ದವು. ಅದನ್ನು ಕಂಡುಕೊಳ್ಳಲು ಎಂಟು ನಿಮಿಷ ಹಿಡಿಯಿತು. ಆ ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು, ಅದು ಬೇರೆ ಮಾತು. ನಾನು ಹೇಳುವುದು ಇಷ್ಟೇ. ಪಿಎಂಗೆ ಎರಡು ಗಂಟೆ ಅಂತ ಬರೆಯುವಾಗ, ವಾಪಸ್ ಹಾಕಿದ್ದನ್ನು ಇನ್ನೊಬ್ಬರು ಬಂದು ಕೈಯಿಂದ ಮುಟ್ಟಿ ನೋಡುವುದಕ್ಕೂ ಸಮಯ ಬರೆಯಬೇಕು. ಕೆಲಸ ಮಾಡಿದವರೇ ನೋಡಿದರೆ ಆಗುವುದಿಲ್ಲ, ತಾನು ತೆರೆದಿದ್ದೇನೆ ಅಂತ ಮನಸ್ಸು ಮೊದಲೇ ಹೇಳಿಬಿಟ್ಟಿರುತ್ತದೆ.

ರಿಯಾಕ್ಟರ್ ನಡೆಯುತ್ತಿರುವಾಗ ಮೂರರಲ್ಲಿ ಒಂದು ಚಾನೆಲ್ ಪರೀಕ್ಷೆ ಮಾಡಬೇಕಾದರೆ ಅದನ್ನು ಟ್ರಿಪ್ ಆದ ಸ್ಥಿತಿಯಲ್ಲೇ ಇಡಬೇಕು. ಆಗ ಉಳಿದ ಎರಡರಲ್ಲಿ ಯಾವ ಒಂದು ಹೇಳಿದರೂ ರಿಯಾಕ್ಟರ್ ನಿಲ್ಲುತ್ತದೆ. ಹಾಗೆ ಮಾಡದೆ ಬೈಪಾಸ್ ಹಾಕಿದರೆ, ಅಂದರೆ ಅದನ್ನು ಲೆಕ್ಕದಿಂದಲೇ ಹೊರಗಿಟ್ಟರೆ, ಉಳಿದ ಎರಡೂ ಹೇಳಿದರೆ ಮಾತ್ರ ನಿಲ್ಲುತ್ತದೆ. ಸುಳ್ಳು ಟ್ರಿಪ್ ಬಂದು ಎಲ್ಲಿ ಪ್ರಯೋಗ ಹಾಳಾಗುತ್ತದೋ ಅಂತ ಬೈಪಾಸ್ ಕೇಳುವವರು ಯಾವಾಗಲೂ ಇರುತ್ತಾರೆ. ಒಪ್ಪಬಾರದು.

ಇನ್ನು ಮುಂದೂಡುವ ಚಾಳಿ. ಅಮೆರಿಕದ ಸಂಶೋಧನಾ ರಿಯಾಕ್ಟರುಗಳಿಗೆ ಇರುವ ಮಾನದಂಡದಲ್ಲಿ ಇದಕ್ಕೆ ನೇರ ಉತ್ತರ ಇದೆ. ವರ್ಷಕ್ಕೊಮ್ಮೆ ಅಂದರೆ 15 ತಿಂಗಳು ದಾಟಬಾರದು, ತಿಂಗಳಿಗೊಮ್ಮೆ ಅಂದರೆ ಆರು ವಾರ ದಾಟಬಾರದು. ಸ್ವಲ್ಪ ಹಿಂದೆ ಮುಂದೆ ಆಗುವುದು ಸಹಜ, ಅದಕ್ಕೇ ಆ ಜಾಗ ಕೊಟ್ಟಿರುವುದು. ಆದರೆ ಪ್ರತಿ ಸಲ 15 ತಿಂಗಳಿಗೇ ಮಾಡಿದರೆ ಐದು ವರ್ಷದಲ್ಲಿ ಐದು ಆಗಬೇಕಾದದ್ದು ನಾಲ್ಕೇ ಆಗುತ್ತದೆ, ಕಾಗದದಲ್ಲಿ ಮಾತ್ರ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಮುಂದೂಡುವುದಕ್ಕೆ ಒಳ್ಳೆಯ ಕಾರಣಗಳೂ ಇರುತ್ತವೆ ಅಂತ ನನಗೆ ಗೊತ್ತು. ಆಸ್ಪತ್ರೆಯ ಸ್ಕ್ಯಾನ್‌ಗೆ ಬೇಕಾದ ಮಾಲಿಬ್ಡಿನಮ್-99 ಅನ್ನುವ ಐಸೋಟೋಪ್ 66 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದರಿಂದ ಬರುವ ಟೆಕ್ನೀಶಿಯಂ-99ಎಂ ಆರು ಗಂಟೆಯಲ್ಲಿ. ಕೂಡಿಡಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗೆ ಕಾಯುತ್ತಿರುವ ರೋಗಿಯ ಮುಂದೆ ನಮ್ಮ ಟ್ರಾನ್ಸ್‌ಮಿಟರ್ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಕೆನಡಾದ ಚಾಕ್ ರಿವರ್‌ನ ಎನ್‌ಆರ್‌ಯು ರಿಯಾಕ್ಟರ್ 2009ರ ಮೇ ತಿಂಗಳಲ್ಲಿ ಪಾತ್ರೆಯ ಸೋರಿಕೆಯಿಂದ ನಿಂತದ್ದು, ಮತ್ತೆ ಶುರುವಾದದ್ದು 2010ರ ಆಗಸ್ಟ್‌ನಲ್ಲಿ. ಅದರ ನಡುವೆಯೇ ನೆದರ್‌ಲ್ಯಾಂಡ್ಸಿನ ಪೆಟ್ಟನ್ ರಿಯಾಕ್ಟರ್ ಕೂಡ ಪೈಪ್ ದುರಸ್ತಿಗೆ ತಿಂಗಳುಗಟ್ಟಲೆ ನಿಂತಿತು. ಎರಡೂ ಹಳೆಯವು, ಎರಡೂ ಜಗತ್ತಿಗೆ ಈ ಐಸೋಟೋಪ್ ಕೊಡುತ್ತಿದ್ದ ದೊಡ್ಡ ಮೂಲಗಳು. ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಸ್ಕ್ಯಾನ್‌ಗಳನ್ನು ಮುಂದೆ ಹಾಕಬೇಕಾಯಿತು. ಅಲ್ಲಿ ಕೆಟ್ಟದ್ದು ಮೀಟರ್ ಅಲ್ಲ, ಲೋಹ. ನಾನು ಅದನ್ನು ಹೇಳಿದ್ದು ಒಂದೇ ಕಾರಣಕ್ಕೆ. ಎರಡು ದಿನ ನಿಲ್ಲಿಸಲು ಪುರುಸೊತ್ತಿಲ್ಲ ಅನ್ನುವವರು, ತಾನೇ ನಿಂತಾಗ ಎಷ್ಟು ದಿನ ಹಿಡಿಯಬಹುದು ಅಂತಲೂ ಲೆಕ್ಕ ಹಾಕಬೇಕು.

ಸ್ಪೇರ್ ಬಗ್ಗೆ ಒಂದೆರಡು ಮಾತು ಸಾಕು. ಕಪಾಟಿನಲ್ಲಿ ಸ್ಪೇರ್ ಕಾರ್ಡ್ ಇದೆ ಅಂತ ನೆಮ್ಮದಿಯಿಂದ ಇರುವವರನ್ನು ನೋಡಿದ್ದೇನೆ. ಆ ಕಾರ್ಡಿನ ಕೆಪಾಸಿಟರ್ ಪೊಟ್ಟಣದೊಳಗೇ ಒಣಗುತ್ತಿರುತ್ತದೆ. ಹದಿನೈದು ವರ್ಷ ಕರೆಂಟ್ ಕಾಣದ ಕಾರ್ಡನ್ನು ತುರ್ತಿನಲ್ಲಿ ತಂದು ಹಾಕಿದರೆ ಅದು ನಡೆಯುತ್ತದೆ ಅನ್ನುವ ಭರವಸೆ ಇಲ್ಲ. ಕಪಾಟಿನಲ್ಲಿರುವ ಸ್ಪೇರ್‌ಗೂ ಪಿಎಂ ಪಟ್ಟಿಯಲ್ಲಿ ಒಂದು ಸಾಲು ಬೇಕು.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2006ರಲ್ಲೇ ಸಂಶೋಧನಾ ರಿಯಾಕ್ಟರುಗಳ ನಿರ್ವಹಣೆ, ಪರೀಕ್ಷೆ, ತಪಾಸಣೆಗೆಂದೇ ಒಂದು ಮಾರ್ಗದರ್ಶಿ ತಂದಿದೆ. ನಿಯಮಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು 12.40 ಅಂತ ಧೈರ್ಯವಾಗಿ ಬರೆಯುವ ವಾತಾವರಣಕ್ಕೆ. ನಾವು ನಮ್ಮಲ್ಲಿ ಮಾಡಿದ ಬದಲಾವಣೆ ಸಣ್ಣದು. ಆಸ್ ಫೌಂಡ್ ಕಾಲಂ ತುಂಬಿಸಿ, ಗಂಟೆ ಬರೆದು, ಇನ್ನೊಬ್ಬರ ಸಹಿ ಆಗುವ ತನಕ ಸ್ಕ್ರೂಡ್ರೈವರ್ ಟೂಲ್‌ಬಾಕ್ಸಿನಲ್ಲೇ ಇರಬೇಕು. ಮಿತಿ ದಾಟಿದ್ದನ್ನು ಬರೆದವರ ಕೈಯಲ್ಲಿ ವರದಿ ಬರೆಸುವುದನ್ನು ನಿಲ್ಲಿಸಿದೆವು, ಆ ಕೆಲಸ ಎಂಜಿನಿಯರ್ ಮೇಲೆ ಬಂತು, ಅಂದರೆ ನನ್ನ ಮೇಲೆ. ಮೊದಲ ವರ್ಷ ಮಿತಿ ದಾಟಿದವು ಒಮ್ಮೆಲೇ ಜಾಸ್ತಿ ಆದವು. ಮೇಲಿನವರು ಗಾಬರಿಯಾಗಿ ಉಪಕರಣಗಳೆಲ್ಲ ಕೆಡುತ್ತಿವೆಯಾ ಅಂತ ಕೇಳಿದರು. ಉಪಕರಣ ಹಾಗೇ ಇವೆ, ಈಗ ನಮಗೆ ಗೊತ್ತಾಗುತ್ತಿದೆ ಅಂತ ಹೇಳಿ ಒಪ್ಪಿಸಲು ಸಾಕಷ್ಟು ಹೊತ್ತು ಬೇಕಾಯಿತು.

ಸಂಪಾದಕರೇ, ನಿಮ್ಮ ವರದಿಗಾರರು ಯಾವತ್ತಾದರೂ ಇಂಥ ರಿಯಾಕ್ಟರ್ ನೋಡಲು ಹೋದರೆ ನೀಲಿ ಬೆಳಕಿನ ಫೋಟೋ ಖಂಡಿತ ತೆಗೆಯಲಿ. ಜೊತೆಗೆ, ಕಳೆದ ವರ್ಷ ಎಷ್ಟು ಉಪಕರಣ ಮುಟ್ಟುವ ಮುಂಚೆಯೇ ಮಿತಿ ದಾಟಿದ್ದವು ಅಂತ ಕೇಳಲಿ. ಅದರಿಂದಾಗಿ ಯಾವ ಯಾವ ಉಪಕರಣದ ಪಿಎಂ ಅವಧಿ ಬದಲಾಯಿತು ಅಂತಲೂ ಕೇಳಲಿ. ಯಾವುದೂ ದಾಟಿಲ್ಲ, ಎಲ್ಲ ಸರಿಯಿತ್ತು ಅಂತ ಉತ್ತರ ಬಂದರೆ, ಒಂದೇ ಉಪಕರಣದ ಹಳೆಯ ಹಾಳೆಗಳನ್ನು ತರಿಸಿ ಸಾಲಾಗಿ ಹರಡಿ ನೋಡಲಿ. ನಮ್ಮ ಹುಡುಗಿ ಮಾಡಿದ್ದು ಅಷ್ಟೇ. ಅವಳು ಈಗ ನಮ್ಮ ವಿಭಾಗದ ಪಿಎಂ ಪಟ್ಟಿ ನೋಡಿಕೊಳ್ಳುತ್ತಾಳೆ. ಆ ಎಂಟು ಹಾಳೆಗಳನ್ನು ಹೊಸಬರಿಗೆ ತೋರಿಸಲು ಅಂತ ಬೇರೆ ಫೈಲಿನಲ್ಲಿ ಇಟ್ಟಿದ್ದಾಳೆ, ನನ್ನ ಸಹಿ ಸಮೇತ.

ಇಂತಿ,
ಇನ್‌ಸ್ಟ್ರುಮೆಂಟ್ ವಿಭಾಗದ ಒಬ್ಬ ಓದುಗ